ಇಟಲಿಗೆ ಹೋಗುವ ವಿದ್ಯಾರ್ಥಿ ಏನನ್ನು ಒಯ್ಯಬೇಕು?

ಪರದೇಶಕ್ಕೆ ಹೋಗಿ ವ್ಯಾಸಂಗ ಮಾಡಬೇಕೆಂಬ ಹಂಬಲ ಇಂದು ದೊಡ್ಡ ನಗರಗಳ ತರುಣರಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಕಾಲೇಜುಗಳಲ್ಲಿ ಓದುತ್ತಿರುವ ರೈತರ ಮಕ್ಕಳೂ ಆ ಮಾತನ್ನೆತ್ತುತ್ತಾರೆ. ಹಾಗೆ ಎತ್ತಿದಾಗ ಕೇಳಿಬರುವ ದೇಶಗಳ ಪೈಕಿ ಇಟಲಿಯೂ ಒಂದು. ಅಲ್ಲಿನ ಹಲವು ವಿಶ್ವವಿದ್ಯಾನಿಲಯಗಳು ವಿಜ್ಞಾನ ಮತ್ತು ಎಂಜಿನಿಯರಿಂಗಿನ ಉನ್ನತ ತರಗತಿಗಳನ್ನು ಇಂಗ್ಲಿಷಿನಲ್ಲಿ ನಡೆಸುತ್ತಿವೆ. ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಮನೆಯ ವರಮಾನವನ್ನು ನೋಡಿ ಶುಲ್ಕವನ್ನು ಗೊತ್ತುಮಾಡುವ ಪದ್ಧತಿಯಿದೆ. ಅಲ್ಲಿನ ಪ್ರಾಂತಗಳು ಕೊಡುವ ವಿದ್ಯಾರ್ಥಿವೇತನಕ್ಕೆ ಪರದೇಶದ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಆದುದರಿಂದ ಎಮ್ಮೆದೊಡ್ಡಿಯ ಹುಡುಗಿಯೊಬ್ಬಳು ಬೊಲೋನ್ಯದಲ್ಲಿಯೋ ಪಾದುವಾದಲ್ಲಿಯೋ ಕುಳಿತು ಪಾಠ ಕೇಳುವುದು ಇಂದು ಬರಿಯ ಕನಸಿನ ಮಾತಲ್ಲ.

ಹೀಗಿರಲು, ಹೋಗಬೇಕೇ ಬೇಡವೇ ಎಂಬ ಚರ್ಚೆಯನ್ನು ಬದಿಗಿಟ್ಟು, ಹೋಗುವವರು ಏನನ್ನು ಹೊತ್ತು ಹೋಗಬೇಕು, ಏನನ್ನು ಹೊತ್ತು ಬರಬೇಕು ಎಂಬುದನ್ನು ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಇಂಥ ವ್ಯಾಸಂಗಕ್ಕೆ ವಿದ್ಯಾರ್ಥಿ ವಿನಿಮಯವೆಂದು ಹೆಸರು. ವಿನಿಮಯವೆಂದರೆ ಕೊಟ್ಟು ಕೊಳ್ಳುವುದು. ಸಂತೆಗೆ ರಾಗಿಯನ್ನು ಒಯ್ದವನು ತೆಂಗಿನಕಾಯಿಯನ್ನು ತರುತ್ತಾನೆ. ಬರಿಗೈಯಲ್ಲಿ ಹೋದವನು ಸಂತೆಯನ್ನು ನೋಡಿಕೊಂಡು ಬರುತ್ತಾನೆ. ನಮ್ಮ ವಿದ್ಯಾರ್ಥಿಗಳು ತಮ್ಮ ನೆಲದ ಒಂದು ಪ್ರಶ್ನೆಯನ್ನು ಒಯ್ದು, ಅದಕ್ಕೆ ಉತ್ತರ ಹುಡುಕುವ ಕ್ರಮವನ್ನು ಅಲ್ಲಿಂದ ತರಬೇಕೆಂಬುದು ನಮ್ಮ ಅಭಿಪ್ರಾಯ. ಅದನ್ನು ಕೆಲವು ನಿದರ್ಶನಗಳೊಡನೆ ಇಲ್ಲಿ ನಿರೂಪಿಸುತ್ತೇವೆ.

ಮೊದಲು ಇಟಲಿಯ ವಿಷಯವನ್ನೇ ನೋಡೋಣ. ಪರಸ್ಥಳದ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವುದು ಆ ದೇಶಕ್ಕೆ ಹೊಸತಲ್ಲ. ಬೊಲೋನ್ಯದ ವಿಶ್ವವಿದ್ಯಾನಿಲಯ 1088ರಲ್ಲಿ ಆರಂಭವಾಯಿತೆಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ತಂತಮ್ಮ ನಾಡಿನ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡು, ತಾವೇ ಗುರುಗಳನ್ನು ಗೊತ್ತುಮಾಡಿ ಸಂಬಳ ಕೊಟ್ಟು ಪಾಠ ಹೇಳಿಸಿಕೊಳ್ಳುತ್ತಿದ್ದರು. ಅದರ ಮುಖ್ಯಾಧಿಕಾರಿಯೂ ವಿದ್ಯಾರ್ಥಿಗಳಲ್ಲೊಬ್ಬನೇ ಆಗಿರುತ್ತಿದ್ದನು. ಅಲ್ಲಿಂದ ಅಸಮಾಧಾನಗೊಂಡು ಹೊರಟ ಗುರುಶಿಷ್ಯರಿಂದ 1222ರಲ್ಲಿ ಪಾದುವಾದ ವಿಶ್ವವಿದ್ಯಾನಿಲಯ ಹುಟ್ಟಿತು. ಹೀಗೆ ಪರದೇಶದ ವಿದ್ಯಾರ್ಥಿಗಳೇ ಈ ವಿದ್ಯಾಸ್ಥಾನಗಳ ಬುನಾದಿಗೆ ಕಲ್ಲು ಹೊತ್ತವರು ಎಂದರೆ ತಪ್ಪಾಗಲಾರದು.

ಅಲ್ಲಿಗೆ ಬಂದು ಓದಿದ ಇಬ್ಬರ ವೃತ್ತಾಂತವನ್ನು ನಮ್ಮ ತರುಣ ವಾಚಕರು ಮನಸ್ಸಿನಲ್ಲಿಡಬೇಕು. ಪೋಲೆಂಡಿನ ನಿಕೊಲಾಸ್ ಕೊಪರ್ನಿಕಸನು ಕಾನೂನನ್ನು ಓದುವುದಕ್ಕಾಗಿ 1496ರಲ್ಲಿ ಬೊಲೋನ್ಯಕ್ಕೆ ಬಂದನು. ಅಲ್ಲಿ ದೊಮೆನಿಕೊ ಮರಿಯಾ ನೊವಾರಾ ಎಂಬ ಖಗೋಳಶಾಸ್ತ್ರಜ್ಞನ ಸಹವಾಸ ದೊರೆಯಿತು. 1497ರ ಮಾರ್ಚ್ 9ರ ರಾತ್ರಿ ಚಂದ್ರನು ರೋಹಿಣಿ ನಕ್ಷತ್ರವನ್ನು ಮರೆಮಾಡಿದುದನ್ನು ಕೊಪರ್ನಿಕಸನು ಅಲ್ಲಿಂದಲೇ ವೀಕ್ಷಿಸಿದನು. ಅನಂತರ ಪಾದುವಾದಲ್ಲಿ ವೈದ್ಯವನ್ನು ಕಲಿತು, 1503ರಲ್ಲಿ ಫೆರಾರಾದಲ್ಲಿ ಪದವಿ ಪಡೆದು ಊರಿಗೆ ಹಿಂದಿರುಗಿದನು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಸಾಧಿಸುವ ಆತನ ಗ್ರಂಥ ಅಚ್ಚಾದುದು 1543ರಲ್ಲಿ. ಅದನ್ನು ಬರೆದುದು ತನ್ನ ದೇಶದಲ್ಲಿ, ನಾಲ್ಕು ದಶಕಗಳ ಸಾವಧಾನದ ಕೆಲಸದಿಂದ.

ಎರಡನೆಯವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಅವನು 1602ರಲ್ಲಿ ಪಾದುವಾದಿಂದ ವೈದ್ಯ ಪದವಿ ಪಡೆದನು. ಅವನ ಗುರು ಫ್ಯಾಬ್ರೀಷಿಯಸನು ಅಭಿಧಮನಿಗಳೊಳಗೆ ಸಣ್ಣ ಕವಾಟಗಳಿರುವುದನ್ನು ತೋರಿಸಿಕೊಟ್ಟಿದ್ದನು. ಆದರೆ ಅವು ಏತಕ್ಕಾಗಿ ಇವೆಯೆಂಬುದನ್ನು ಸರಿಯಾಗಿ ಹೇಳಲಾರದೆ ಹೋದನು. ಶಿಷ್ಯನು ಆ ಪ್ರಶ್ನೆಯನ್ನು ಹೊತ್ತು ಲಂಡನ್ನಿಗೆ ಮರಳಿದನು. ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ, ಹಿಂದಕ್ಕೆ ಹರಿಯಗೊಡುವುದಿಲ್ಲ ಎಂಬುದನ್ನು ಪರೀಕ್ಷಿಸಿ ತಿಳಿದು, ರಕ್ತ ದೇಹದಲ್ಲೆಲ್ಲ ಸುತ್ತಿ ಬರುತ್ತದೆಂಬ ಸಿದ್ಧಾಂತವನ್ನು 1628ರಲ್ಲಿ ಪ್ರಕಟಿಸಿದನು. ಪಾದುವಾವನ್ನು ಬಿಟ್ಟ 26 ವರ್ಷಗಳ ಮೇಲೆ ಆ ವ್ಯಾಸಂಗ ಫಲ ಕೊಟ್ಟಿತು.

ಇವರಿಬ್ಬರೂ ಇಟಲಿಯಿಂದ ತಂದ ಪದವಿಪತ್ರಗಳನ್ನು ಇಂದು ಯಾರೂ ಸ್ಮರಿಸುವುದಿಲ್ಲ. ನೋಡುವ ಕ್ರಮವನ್ನು, ಬಗೆಹರಿಯದ ಪ್ರಶ್ನೆಯೊಂದನ್ನು ಅವರು ಮನೆಗೆ ತಂದರು. ಅದರ ಮೇಲೆ ಮನೆಯಲ್ಲೇ ದುಡಿದರು.

ಇನ್ನು ಇಂದಿನ ವಿದ್ಯಾರ್ಥಿ ಅಲ್ಲಿ ಕಾಣುವುದೇನು? ಅಲ್ಲಿ ಓದನ್ನು ಅಳೆಯುವ ಮಾನವೇ ಬೇರೆ. ವಿದ್ಯಾರ್ಥಿಯ ಒಟ್ಟು ಶ್ರಮವನ್ನು ಕ್ರೆಡಿಟ್ಟುಗಳೆಂಬ ಮಾನದಿಂದ ಎಣಿಸುತ್ತಾರೆ. ತರಗತಿಯ ಪಾಠ, ಮನೆಯ ಓದು, ಪ್ರಯೋಗಗಳೆಲ್ಲ ಸೇರಿ ಸುಮಾರು 25 ಗಂಟೆಗಳ ಕೆಲಸಕ್ಕೆ ಒಂದು ಕ್ರೆಡಿಟ್. ವರ್ಷಕ್ಕೆ 60 ಕ್ರೆಡಿಟ್. ಅನೇಕ ವಿಷಯಗಳಲ್ಲಿ ಪರೀಕ್ಷೆ ಬಾಯಿಮಾತಿನಲ್ಲಿ ನಡೆಯುತ್ತದೆ, ಅದೂ ಉಳಿದ ವಿದ್ಯಾರ್ಥಿಗಳ ಎದುರಿಗೆ. ಪೂರ್ಣಾಂಕ 30, ತೇರ್ಗಡೆಗೆ 18. ಬಂದ ಅಂಕ ತೃಪ್ತಿ ತರದಿದ್ದರೆ ಅದನ್ನು ಬೇಡವೆಂದು ಹೇಳಿ, ಮತ್ತೊಮ್ಮೆ ಸಿದ್ಧನಾಗಿ ಬರುವ ಅವಕಾಶವೂ ಸಾಮಾನ್ಯವಾಗಿ ಉಂಟು. ಮೂರು ಗಂಟೆಗಳ ಕಾಲ ತಲೆ ತಗ್ಗಿಸಿ ಬರೆಯುವ ಅಭ್ಯಾಸವಿರುವ ನಮ್ಮವರಿಗೆ ಇದು ಮೊದಲು ಕಷ್ಟವೆನಿಸಿದರೆ ಆಶ್ಚರ್ಯವಿಲ್ಲ. ಸೂತ್ರವನ್ನು ಒಪ್ಪಿಸಿದ ಕೂಡಲೆ ಎದುರಿಗೆ ಕುಳಿತವರು ಏಕೆ ಎಂದು ಕೇಳುತ್ತಾರೆ. ಆ ಉತ್ತರಕ್ಕೂ ಏಕೆ ಎನ್ನುತ್ತಾರೆ. ಬಾಯಿಪಾಠದ ಬಂಡವಾಳ ಎರಡನೆಯ ಪ್ರಶ್ನೆಗೇ ಮುಗಿದುಹೋಗುತ್ತದೆ.

ತರಗತಿಯ ಹೊರಗೆ ಬೇರೆ ಕಷ್ಟಗಳಿವೆ. ದೀರ್ಘಕಾಲದ ವ್ಯಾಸಂಗಕ್ಕೆ ಬಂದವರು ಇಳಿದ 8 ಕೆಲಸದ ದಿನಗಳೊಳಗೆ ವಾಸದ ಅನುಮತಿಗೆ ಅರ್ಜಿ ಸಲ್ಲಿಸಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಅಂಚೆಕಚೇರಿ, ಆಸ್ಪತ್ರೆಗಳ ವ್ಯವಹಾರ ಇಟಾಲಿಯನ್ ಭಾಷೆಯಲ್ಲಿ. ಮನೆಯ ವರಮಾನವನ್ನು ತೋರಿಸುವ ಕಾಗದಗಳನ್ನು ಭಾಷಾಂತರಿಸಿ, ದೃಢೀಕರಣ ಮಾಡಿಸಿ ಒಯ್ಯದಿದ್ದರೆ ವಿದ್ಯಾರ್ಥಿವೇತನ ಕೈತಪ್ಪಬಹುದು. ರಾಗಿಮುದ್ದೆ ಉಂಡು ಬೆಳೆದವರಿಗೆ ಮೊದಲ ತಿಂಗಳು ಊಟವೂ ಒಗ್ಗದು, ಚಳಿಯೂ ಒಗ್ಗದು. ಇವೆಲ್ಲ ದಾಟಬಹುದಾದ ತೊಡಕುಗಳು. ಮುಂಚೆಯೇ ಬಲ್ಲವರಿಗೆ ಅರ್ಧ ಹಗುರಾಗುತ್ತವೆ.

ಇವುಗಳಿಗಿಂತ ದೊಡ್ಡ ತೊಡಕು ನಮ್ಮ ಮನಸ್ಸಿನಲ್ಲಿದೆ: ಅವರು ಕೊಡುವವರು, ನಾವು ಬೇಡುವವರು ಎಂಬ ಕೀಳರಿಮೆ. ಇದನ್ನು ಕಳೆಯಲು 1623ರ ಒಂದು ಘಟನೆಯನ್ನು ನೆನೆಯುವುದು ಒಳ್ಳೆಯದು. ಆ ವರ್ಷ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ, ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ, ಕೆಳದಿಯ ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ದೇವಾಲಯದ ಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ನಿಂತನು. ನೆಲದ ಮೇಲೆ ನಯವಾದ ಮರಳನ್ನು ಹರಡಿ, ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಹಾಗೆಯೇ ಹಾಡುತ್ತ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸ ಮರಳು ಚೆಲ್ಲುವರು. ಕಾಗದದ ವೆಚ್ಚವಿಲ್ಲ, ಎದುರಿಗೆ ಗುರುವೂ ಇಲ್ಲ. ತಪ್ಪಿದರೆ ತಿದ್ದುವವರಾರೆಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ತಪ್ಪುವುದು ಸಂಭವಿಸದು ಎಂಬರ್ಥದ ಉತ್ತರ ಬಂದಿತು. ಆ ಕ್ರಮ ಸುಲಭವೂ ಭದ್ರವೂ ಆದುದೆಂದು ಮೆಚ್ಚಿ ಅವನು ತನ್ನ ಪತ್ರದಲ್ಲಿ ಬರೆದನು. ಗೆಲಿಲಿಯೊ ಬದುಕಿದ್ದ ಕಾಲದ ಇಟಲಿಯ ವಿದ್ಯಾವಂತನೊಬ್ಬ ನಮ್ಮ ಮಲೆನಾಡಿನ ಮಕ್ಕಳಿಂದ ಕಲಿಯುವುದಿದೆಯೆಂದು ಕಂಡುಕೊಂಡನು.

ಹಾಗಾದರೆ ಎಮ್ಮೆದೊಡ್ಡಿಯ ವಿದ್ಯಾರ್ಥಿ ಒಯ್ಯಬಹುದಾದ ಪ್ರಶ್ನೆ ಯಾವುದು? ಎರಡನ್ನು ಸೂಚಿಸುತ್ತೇವೆ. ಮೊದಲನೆಯದು ನೀರಿಗೆ ಸಂಬಂಧಪಟ್ಟುದು. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಮಗ್ಗುಲಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳಿವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆ ಈ ಜಲವನ್ನು ತಡೆದು ನಿಲ್ಲಿಸಿದ ಹಿರಿಯ ಕೆರೆಗಳು. ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯೆನಿಸಿ, ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಗಿರಿಯ ಮರೆಯಲ್ಲಿರುವ ಈ ಸೀಮೆಗೆ ಮಳೆ ಕಡಿಮೆ. ಕೆರೆಯ ತೂಬಿನಿಂದ ಹೊರಡುವ ನೀರನ್ನು ಹಂಚುವುದೇ ಇಲ್ಲಿಯ ಬಾಳಿನ ಲೆಕ್ಕ. ಕಾಲುವೆಯ ಕೊನೆಯ ಗದ್ದೆಯವನಿಗೆ ನ್ಯಾಯವಾಗಿ ಬರಬೇಕಾದ ನೀರೆಷ್ಟು?

ಈ ಪ್ರಶ್ನೆಯನ್ನು ಶಾಸ್ತ್ರವಾಗಿ ಮಾಡಿದವರಲ್ಲಿ ಮೊದಲಿಗರು ಇಟಲಿಯವರು. ಗೆಲಿಲಿಯೊನ ಶಿಷ್ಯನಾದ ಬೆನೆದೆತ್ತೊ ಕಾಸ್ಟೆಲ್ಲಿ ಎಂಬ ಸಂನ್ಯಾಸಿ ಹರಿಯುವ ನೀರನ್ನು ಅಳೆಯುವ ವಿಷಯದ ಗ್ರಂಥವನ್ನು 1628ರಲ್ಲಿ ಪ್ರಕಟಿಸಿದನು. ಹಾರ್ವೆಯ ಗ್ರಂಥ ಹೊರಬಂದುದೂ ಅದೇ ವರ್ಷ! ಬರಿಯ ಕಿಂಡಿಯ ಅಗಲ ಎತ್ತರಗಳನ್ನು ಅಳೆದರೆ ಸಾಲದು, ನೀರಿನ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಕಾಸ್ಟೆಲ್ಲಿ ತೋರಿಸಿದನು. ಅವನ ಶಿಷ್ಯ ಟಾರಿಸೆಲ್ಲಿ 1644ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಿಂಡಿಯಿಂದ ಚಿಮ್ಮುವ ನೀರಿನ ವೇಗ ಮೇಲೆ ನಿಂತ ನೀರಿನ ಆಳದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬ ನಿಯಮವನ್ನು ಸಾರಿದನು. ತೂಬಿನ ಮೇಲೆ 4 ಮೀಟರು ನೀರಿದ್ದಾಗ, ಘರ್ಷಣೆಯನ್ನು ಗಣಿಸದಿದ್ದರೆ, ವೇಗ ಸೆಕೆಂಡಿಗೆ ಸುಮಾರು 8.9 ಮೀಟರು, ನೀರು 1 ಮೀಟರಿಗೆ ಇಳಿದಾಗ ಸುಮಾರು 4.4 ಮೀಟರು. ಆಳ ಕಾಲುಭಾಗಕ್ಕೆ ಇಳಿದರೂ ವೇಗ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಹಾಗೆಂದು ಕೊನೆಯ ಗದ್ದೆಗೆ ಅರ್ಧ ನೀರು ತಲಪುತ್ತದೆಂದು ಭಾವಿಸಬಾರದು. ಮಣ್ಣು ಹೀರುವುದು, ಬಿಸಿಲು ಒಣಗಿಸುವುದು, ಹೂಳು ತಡೆಯುವುದು ಇವೆಲ್ಲ ನಡುವೆ ಇವೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ನೀರಗಂಟಿಗಳು ತಲೆಮಾರುಗಳ ಅನುಭವದಿಂದ ಬಲ್ಲರು. ಆ ಅನುಭವವನ್ನು ಬರೆದಿಟ್ಟುಕೊಂಡು ಕಾಸ್ಟೆಲ್ಲಿಯ ನಾಡಿನ ಜಲಶಾಸ್ತ್ರಜ್ಞರ ಮುಂದಿಡುವ ವಿದ್ಯಾರ್ಥಿಗೆ ಅವರು ಕಿವಿಗೊಡದೆ ಇರಲಾರರು.

ಎರಡನೆಯ ಪ್ರಶ್ನೆ ಹುಲ್ಲುಗಾವಲಿನದು. ಎಮ್ಮೆದೊಡ್ಡಿಯೆಂಬ ಹೆಸರೇ ದನಗಾಹಿಗಳ ಬಾಳನ್ನು ಸೂಚಿಸುತ್ತದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿದ್ದ ಈ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೆಸರನ್ನಿಟ್ಟನು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ, ದನಗಳನ್ನು ಒಂದರಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. ಇದರಿಂದ ಪ್ರತಿ ಕಾವಲಿನ ಹುಲ್ಲಿಗೂ ಮತ್ತೆ ಚಿಗುರುವ ಬಿಡುವು ದೊರೆಯುತ್ತಿತ್ತು.

ಇಟಲಿಯಲ್ಲಿಯೂ ಇಂಥದೇ ವ್ಯವಸ್ಥೆಯಿದ್ದಿತು. ಅಬ್ರುತ್ಸೊ ಪರ್ವತಗಳ ಕುರಿಗಳು ಚಳಿಗಾಲದಲ್ಲಿ ದಕ್ಷಿಣದ ಫೋಜ್ಜಾ ಬಯಲಿಗೆ ಇಳಿದುಬರುತ್ತಿದ್ದವು. ಅವುಗಳಿಗಾಗಿ 111 ಮೀಟರು ಅಗಲದ ಹುಲ್ಲುದಾರಿಗಳನ್ನು ಬಿಟ್ಟಿದ್ದರು. ಲಾಕ್ವಿಲಾದಿಂದ ಫೋಜ್ಜಾದವರೆಗಿನ ದಾರಿಯ ಉದ್ದ ಸುಮಾರು 244 ಕಿಲೋಮೀಟರು. 1447ರಲ್ಲಿ ನೇಪಲ್ಸಿನ ಅರಸನು ಇದಕ್ಕೊಂದು ಸರಕಾರಿ ಇಲಾಖೆಯನ್ನೇ ಸ್ಥಾಪಿಸಿ ಕುರಿಗಳ ಎಣಿಕೆಯ ಮೇಲೆ ಸುಂಕ ಎತ್ತಿದನು. 1806ರಲ್ಲಿ ಅದು ರದ್ದಾಯಿತು. ಬಯಲಿನ ಬಹುಭಾಗ ಉಳುಮೆಗೆ ಬಿದ್ದಿತು. ನಮ್ಮಲ್ಲಿಯೂ ಕಾವಲುಗಳ ಬಹುಭಾಗ ಸಾಗುವಳಿಗೂ ಇತರ ಕಾರ್ಯಗಳಿಗೂ ಹೋಗಿದೆ. ಭೂಮಿಯಿಲ್ಲದ ರೈತನ ಹಸಿವೂ ಸತ್ಯ, ಹುಲ್ಲಿಲ್ಲದ ತಳಿಯ ಅಳಿವೂ ಸತ್ಯ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದುದರಿಂದ ಅಲ್ಲಿನ ಕೃಷ್ಣಮೃಗಗಳಿಗೆ ನೆಲೆ ಉಳಿದಿದೆ. ಇಟಲಿಯ ಹುಲ್ಲುದಾರಿಗಳಲ್ಲಿ ಉಳಿದವನ್ನು ಅಲ್ಲಿಯವರು ಪಾರಂಪರಿಕ ಆಸ್ತಿಯೆಂದು ಕಾಪಾಡುತ್ತಿದ್ದಾರೆ. ಮಂದೆಗಳ ಈ ಋತುಸಂಚಾರ 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಎರಡು ದೇಶಗಳ ಈ ಅನುಭವವನ್ನು ಜೊತೆಗಿಟ್ಟು ನೋಡಬಲ್ಲ ಸಸ್ಯಶಾಸ್ತ್ರದ ವಿದ್ಯಾರ್ಥಿ ಇಬ್ಬರಿಗೂ ಬೇಕಾದವನು.

ಆದರೆ ತಂದುದನ್ನು ಇಳಿಸಲು ಊರಿನಲ್ಲಿ ಜಾಗವಿರಬೇಕು. ಈ ಮಾತಿಗೆ ಎರಡು ಸಾಕ್ಷಿಗಳಿವೆ. ಇಟಲಿಯ ಸೋಫಿಯಾ ಕೊರಾದಿ ಎಂಬ ವಿದ್ಯಾರ್ಥಿನಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಉನ್ನತ ವ್ಯಾಸಂಗ ಮಾಡಿ 1958ರಲ್ಲಿ ಹಿಂದಿರುಗಿದಾಗ, ರೋಮಿನ ವಿಶ್ವವಿದ್ಯಾನಿಲಯ ಆ ಓದನ್ನು ಮನ್ನಿಸಲಿಲ್ಲ. ಆಕೆ ಆ ಅನ್ಯಾಯವನ್ನು ಮರೆಯಲಿಲ್ಲ. 1969ರಿಂದ ಈ ಸಂಬಂಧವಾಗಿ ಸತತವಾಗಿ ವಾದಿಸುತ್ತ ಬಂದಳು. ಕೊನೆಗೆ 1987ರಲ್ಲಿ ಎರಾಸ್ಮಸ್ ಎಂಬ ವಿನಿಮಯ ಯೋಜನೆ ಯುರೋಪಿನಲ್ಲಿ ಆರಂಭವಾಯಿತು. ಮೊದಲ ವರ್ಷ ಅದರಲ್ಲಿ ಪಾಲ್ಗೊಂಡವರು 3,244 ವಿದ್ಯಾರ್ಥಿಗಳು. ಹೊರಗೆ ಓದಿದುದನ್ನು ಮನೆಯ ವಿಶ್ವವಿದ್ಯಾನಿಲಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದೇ ಆ ಯೋಜನೆಯ ತಿರುಳು. 2004ರಲ್ಲಿ ಆರಂಭವಾದ ಎರಾಸ್ಮಸ್ ಮುಂಡುಸ್ ಯೋಜನೆಯಿಂದ ಯುರೋಪಿನ ಹೊರಗಿನವರಿಗೂ ಬಾಗಿಲು ತೆರೆಯಿತು.

ಎರಡನೆಯ ಸಾಕ್ಷಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರದು. ಕೇಂಬ್ರಿಜಿನಲ್ಲಿ ಓದಿ 1951ರಲ್ಲಿ ಲಾಹೋರಿಗೆ ಮರಳಿದ ಅವರಿಗೆ ಅಲ್ಲಿ ಜೊತೆಗೆ ಕುಳಿತು ಚರ್ಚಿಸುವವರಿರಲಿಲ್ಲ. ವಿಜ್ಞಾನವನ್ನು ಬಿಡಬೇಕು, ಇಲ್ಲವೆ ದೇಶವನ್ನು ಬಿಡಬೇಕು ಎಂಬ ಸ್ಥಿತಿಯೊದಗಿ 1954ರಲ್ಲಿ ದೇಶವನ್ನು ಬಿಟ್ಟರು. ಮುಂದೆ ನೊಬೆಲ್ ಬಹುಮಾನ ಪಡೆದ ಅವರು, ತಮಗಾದ ಸಂಕಟ ಇನ್ನೊಬ್ಬರಿಗೆ ಬಾರದಿರಲೆಂದು, 1964ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿದರು. ಬಡ ದೇಶಗಳ ವಿಜ್ಞಾನಿಗಳು ತಮ್ಮ ಊರಿನ ಕೆಲಸದಲ್ಲಿದ್ದುಕೊಂಡೇ, ಕೆಲವು ವಾರ ಅಲ್ಲಿದ್ದು, ಹೊಸ ವಿಚಾರಗಳನ್ನು ತಿಳಿದು ಹಿಂದಿರುಗುವ, ಕೆಲವು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿಬರುವ ಏರ್ಪಾಡನ್ನು ಅಲ್ಲಿ ಮಾಡಿದರು. ಅದೇ ನಗರದಲ್ಲಿ 1983ರಲ್ಲಿ ಹುಟ್ಟಿದ ತೃತೀಯ ಜಗತ್ತಿನ ವಿಜ್ಞಾನ ಅಕಾಡೆಮಿಗೆ, ಬೆಂಗಳೂರಿನಲ್ಲಿಯೇ ನೆಲೆಸಿ ಸಂಶೋಧನೆ ನಡೆಸುತ್ತಿದ್ದ ಸಿ. ಎನ್. ಆರ್. ರಾವ್ ಅವರು 2000ದಿಂದ 2006ರ ವರೆಗೆ ಅಧ್ಯಕ್ಷರಾಗಿದ್ದರು. ಊರಿನಲ್ಲಿ ಬೇರೂರಿದ್ದೂ ಜಗತ್ತಿನೊಡನೆ ವ್ಯವಹರಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ವಿಜ್ಞಾನಕ್ಕೆ ಊರುಕೇರಿಗಳಿಲ್ಲ, ಕಣಭೌತವಿಜ್ಞಾನವನ್ನು ಓದುವವನಿಗೆ ಕೆರೆಯ ತೂಬಿನಿಂದ ಏನಾಗಬೇಕು ಎಂದು ಕೆಲವರು ಕೇಳಿಯಾರು. ವಿಜ್ಞಾನದ ನಿಯಮಗಳಿಗೆ ಊರಿಲ್ಲವೆಂಬುದು ನಿಜ. ಟಾರಿಸೆಲ್ಲಿಯ ನಿಯಮ ಮದಗದ ಕೆರೆಯಲ್ಲಿಯೂ ನಿಲ್ಲುತ್ತದೆ. ಆದರೆ ಕಣ್ಣೆದುರಿನ ಒಂದು ವಸ್ತುವನ್ನು ಅಳೆದು, ಲೆಕ್ಕ ತಪ್ಪಿದಾಗ ಕಾರಣವನ್ನು ಹುಡುಕಿದವನಿಗೆ, ಎದುರು ಕುಳಿತ ಪರೀಕ್ಷಕರು ಏಕೆ ಎಂದು ಕೇಳಿದಾಗ ಬಾಯಿ ಕಟ್ಟುವುದಿಲ್ಲ. ಇನ್ನು ಕೆಲವರು, ಸಾಲ ಮಾಡಿ ಕಳುಹಿಸಿದ ಬಡ ಮನೆಯ ಮಗನಿಗೆ ಹಿಂದಿರುಗೆಂದು ಉಪದೇಶಿಸುವುದು ನ್ಯಾಯವೇ ಎಂದಾರು. ಈ ಆಕ್ಷೇಪ ಹಗುರಾದುದಲ್ಲ. ಸಾಲ ತೀರಿಸಲು ಕೆಲವು ವರ್ಷ ಅಲ್ಲಿ ದುಡಿಯುವವರನ್ನು ನಾವು ದೂಷಿಸುವುದಿಲ್ಲ. ಸಲಾಂ ಅವರಂಥವರೇ ನಿಲ್ಲಲಾರದೆ ಹೋದಾಗ, ಹಿಂದಿರುಗಿದವನಿಗೆ ಪ್ರಯೋಗಶಾಲೆಯನ್ನೂ ಕೆಲಸವನ್ನೂ ಕೊಡದ ನಾಡು ಅವನನ್ನು ದೂರುವ ಹಕ್ಕನ್ನು ಕಳೆದುಕೊಳ್ಳುತ್ತದೆ.

ಆದುದರಿಂದ ನಮ್ಮ ವಿಶ್ವವಿದ್ಯಾನಿಲಯಗಳ ಹೊಣೆಯೂ ದೊಡ್ಡದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2022ರಲ್ಲಿ ಹೊರಡಿಸಿದ ನಿಯಮಗಳಂತೆ, ಅರ್ಹ ಸಂಸ್ಥೆಗಳು ಪರದೇಶದ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ಜೋಡಿ ವ್ಯಾಸಂಗದ ಕ್ರಮದಲ್ಲಿ ನೂರಕ್ಕೆ 30ರಷ್ಟು ಕ್ರೆಡಿಟ್ಟುಗಳನ್ನು ಅಲ್ಲಿ ಗಳಿಸಲು ಅವಕಾಶ ಕೊಡಬಹುದು. ಆದರೆ ಮೌಲ್ಯಮಾಪನದಲ್ಲಿ ಉಚ್ಚ ಶ್ರೇಣಿ ಪಡೆದ ಸಂಸ್ಥೆಗಳಿಗೆ ಮಾತ್ರ ಆ ಅರ್ಹತೆ. ತಾಲ್ಲೂಕಿನ ಸಣ್ಣ ಕಾಲೇಜಿನ ಬುದ್ಧಿವಂತ ವಿದ್ಯಾರ್ಥಿಗೆ ಹೀಗೆ ಬಾಗಿಲು ಮುಚ್ಚುತ್ತದೆ. ಅರ್ಹತೆ ಪಡೆದ ವಿಶ್ವವಿದ್ಯಾನಿಲಯಗಳು ತಮ್ಮ ಒಪ್ಪಂದಗಳಲ್ಲಿ ಇಂಥ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೆಲವು ಸ್ಥಾನಗಳನ್ನು ಮೀಸಲಿಡಬೇಕೆಂದು ನಾವು ಒತ್ತಾಯಿಸುತ್ತೇವೆ. ಅದಕ್ಕೆ ತಕ್ಕ ಮಾರ್ಪಾಡು ನಿಯಮದಲ್ಲಿ ಬೇಕಾದರೆ ಅದನ್ನೂ ಮಾಡತಕ್ಕದ್ದು.

ಅದಾಗುವವರೆಗೆ ವಿದ್ಯಾರ್ಥಿಗಳು ಸುಮ್ಮನೆ ಕುಳಿತಿರಬೇಕಾಗಿಲ್ಲ. ಈ ಮಳೆಗಾಲದಲ್ಲಿ ನಿಮ್ಮೂರಿನ ಕೆರೆಯ ತೂಬು ತೆರೆದ ದಿನ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಕಾಲುವೆಯ ಬಳಿಗೆ ಹೋಗಿ. ನೇರವಾದ ಕಡೆ 10 ಮೀಟರು ಅಳೆದು ಎರಡು ಗೂಟ ನೆಡಿ. ಒಣಗಿದ ತೆಂಗಿನಕಾಯಿಯ ಸಿಪ್ಪೆಯನ್ನು ತೇಲಿಬಿಟ್ಟು, ಅದು ಗೂಟದಿಂದ ಗೂಟಕ್ಕೆ ಹೋಗುವ ಹೊತ್ತನ್ನು ಗಡಿಯಾರದಲ್ಲಿ ನೋಡಿ. ಮೇಲ್ಮೈಯ ವೇಗ ಒಟ್ಟು ವೇಗಕ್ಕಿಂತ ಹೆಚ್ಚಿರುವುದರಿಂದ ಅದನ್ನು ಸುಮಾರು 0.85ರಿಂದ ಗುಣಿಸಿ, ಕಾಲುವೆಯ ಅಗಲ, ನೀರಿನ ಸರಾಸರಿ ಆಳಗಳಿಂದ ಮತ್ತೆ ಗುಣಿಸಿದರೆ ಸೆಕೆಂಡಿಗೆ ಹರಿಯುವ ನೀರು ತಿಳಿಯುತ್ತದೆ. ಕಾಲುವೆಯ ಕೊನೆಯಲ್ಲಿಯೂ ಹೀಗೆಯೇ ಅಳೆದು, ಎರಡರ ವ್ಯತ್ಯಾಸವನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ನೀರಗಂಟಿಯವರನ್ನು ಕೇಳಿ, ಅವರು ಹೇಳುವ ಕಾರಣವನ್ನೂ ಬರೆಯಿರಿ. ಪರದೇಶದ ವಿಶ್ವವಿದ್ಯಾನಿಲಯಗಳ ಅರ್ಜಿಯಲ್ಲಿ, ನೀವು ಇಲ್ಲಿಗೇಕೆ ಬರಬಯಸುತ್ತೀರಿ ಎಂಬ ಪ್ರಶ್ನೆಗೆ ಒಂದು ಪುಟವನ್ನು ಬಿಟ್ಟಿರುತ್ತಾರೆ. ಆ ಪುಟವನ್ನು ತುಂಬುವ ದಿನ ಬಂದಾಗ ಈ ಪುಸ್ತಕವನ್ನು ತೆರೆದು ನೋಡಿ; ಬರೆಯಬೇಕಾದುದು ಅದರಲ್ಲಿರುತ್ತದೆ.